ಡಂಗುರ: ಪದಾರ್ಥ, ಬಳಕೆ ಮತ್ತು ಸಾರುವವನ ಸ್ಥಾನ

ಪೀಠಿಕೆ

ಅರಸನ ಆಜ್ಞೆಯನ್ನಾಗಲಿ, ಊರಿನ ತೀರ್ಮಾನವನ್ನಾಗಲಿ ಜನರೆಲ್ಲರ ಅರಿವಿಗೆ ತರುವ ಕ್ರಿಯೆಯನ್ನು ಸೂಚಿಸಲು ಕನ್ನಡದಲ್ಲಿ ಅನೇಕ ಪದಗಳು ಬಳಕೆಯಾಗುತ್ತ ಬಂದಿವೆ. ಸಾರು, ಡಂಗುರ, ಘೋಷಣೆ, ಜಾಹೀರು, ಪ್ರಕಟಣೆ, ಅಧಿಸೂಚನೆ ಎಂಬಿವು ಅವುಗಳಲ್ಲಿ ಮುಖ್ಯವಾದವು. ಈ ಪದಗಳು ಒಂದೇ ಅರ್ಥದವು ಎಂಬಂತೆ ನಾವು ಬಳಸುತ್ತೇವೆ. ಆದರೆ ಒಂದೊಂದು ಪದವೂ ಒಂದೊಂದು ಕಾಲದ ಆಡಳಿತ ಕ್ರಮವನ್ನೂ, ಆಳುವವರಿಗೂ ಜನರಿಗೂ ನಡುವೆ ಇದ್ದ ಸಂಬಂಧವನ್ನೂ ತನ್ನೊಳಗೆ ಇರಿಸಿಕೊಂಡಿದೆ. ಇವುಗಳ ಪೈಕಿ ‘ಡಂಗುರ’ ಎಂಬ ಪದವು ಜಾನಪದ ಅಧ್ಯಯನದ ದೃಷ್ಟಿಯಿಂದ ವಿಶೇಷ ಮಹತ್ವದ್ದು. ಕಿಟೆಲ್ ಅವರ 1894ರ ನಿಘಂಟು ಮೊದಲ್ಗೊಂಡು ಕನ್ನಡದ ಪ್ರಮುಖ ಕೋಶಗಳು ಇದಕ್ಕೆ ವಾದ್ಯ ಬಡಿದು ಸಾರ್ವಜನಿಕವಾಗಿ ತಿಳಿಸುವುದು ಎಂಬ ಅರ್ಥವನ್ನು ನೀಡುತ್ತವೆ. ಅರ್ಥ ಸರಿಯಾದುದೇ. ಆದರೆ ಆ ಅರ್ಥದಲ್ಲಿ ವಾದ್ಯವಿದೆ, ಸುದ್ದಿಯಿದೆ. ವಾದ್ಯವನ್ನು ಬಡಿದ ಮನುಷ್ಯನಿಲ್ಲ. ಆ ಮನುಷ್ಯನು ಈ ಪದದ ಚರಿತ್ರೆಯಲ್ಲಿ ಎಲ್ಲಿದ್ದಾನೆ, ಯಾವ ಹಂತದಲ್ಲಿ ಮರೆಯಾದನು, ಮತ್ತೆ ಹೇಗೆ ಕಾಣಿಸಿಕೊಂಡನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿವೇಚನೆಗೆ ಮಾಗಡಿ, ರಾಮನಗರ, ಚನ್ನಪಟ್ಟಣ ಮತ್ತು ಕನಕಪುರ ತಾಲ್ಲೂಕುಗಳ ಪ್ರದೇಶವನ್ನು ನೆಲೆಯಾಗಿ ಇಟ್ಟುಕೊಳ್ಳಲಾಗಿದೆ. ಈ ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡವು. ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಮಾಗಡಿಯು ಯಲಹಂಕ ನಾಡಪ್ರಭುಗಳ ಕೈಯಿಂದ 1728ರಲ್ಲಿ ಮೈಸೂರಿನ ವಶವಾಯಿತು. ಮುಂದೆ ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆ, 1831ರಿಂದ 1881ರವರೆಗಿನ ಕಮಿಷನರುಗಳ ಆಡಳಿತ, ಅನಂತರದ ಒಡೆಯರ ಕಾಲ, 1956ರ ರಾಜ್ಯ ಪುನರ್ವಿಂಗಡಣೆ ಎಂದು ಮೇಲಿನ ಅಧಿಕಾರ ಹಲವು ಬಾರಿ ಬದಲಾಯಿತು. ಆಜ್ಞೆ ಕೊಡುವವರು ಬದಲಾದರೂ ಆ ಆಜ್ಞೆಯನ್ನು ಊರ ಬೀದಿಗಳಲ್ಲಿ ಸಾರುವ ವ್ಯವಸ್ಥೆ ಬಹುಕಾಲ ಬದಲಾಗಲಿಲ್ಲ. ಆದ್ದರಿಂದ ಈ ಪ್ರದೇಶವು ನಮ್ಮ ವಿವೇಚನೆಗೆ ತಕ್ಕುದಾಗಿದೆ.

ಕಲ್ಲಿನ ಮಾತು, ಚರ್ಮದ ಮಾತು

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿಯೊಂದು 2015ರಲ್ಲಿ ಬೆಳಕಿಗೆ ಬಂದಿತು. ಮಾಗಡಿಯ ಹಿರಿಯ ಕೆಂಪೇಗೌಡರು ಈ ಸ್ಥಳದಲ್ಲಿ ಮಡಿದರೆಂಬ ಒಕ್ಕಣೆಯುಳ್ಳ ಶಾಸನ ಅಲ್ಲಿದೆ. ಇದು ನಾಡಪ್ರಭುಗಳ ಚರಿತ್ರೆಗೆ ಸಂಬಂಧಿಸಿದ ಮಹತ್ವದ ಶೋಧ. ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಇದರಲ್ಲಿ ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ. ಶಾಸನವು ಸಾರ್ವಜನಿಕ ಪ್ರಕಟಣೆಯ ಅತ್ಯಂತ ಸ್ಥಿರವಾದ ರೂಪ. ಎಲ್ಲರೂ ಕಾಣುವಂತೆ, ಕಾಲವೂ ಅಳಿಸದಂತೆ ಕಲ್ಲಿನಲ್ಲಿ ಬರೆಯುವುದೇ ಅದರ ಉದ್ದೇಶ. ಆದರೂ ಕೆಂಪಾಪುರದ ಕಲ್ಲು ಊರಿನ ನಡುವೆಯೇ ಇದ್ದು, ತಾನು ಹೇಳಬೇಕಾದುದನ್ನು ಹೊರಗಿನ ಲೋಕಕ್ಕೆ ತಲುಪಿಸಲು ಇಪ್ಪತ್ತೊಂದನೆಯ ಶತಮಾನದವರೆಗೆ ಕಾಯಬೇಕಾಯಿತು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ ಮೊದಲಾದ ತಾಲ್ಲೂಕುಗಳ ಶಾಸನಗಳು ಸಂಗ್ರಹವಾಗಿವೆ. ಆ ಶಾಸನಗಳನ್ನು ಬರೆಸಿದ ಕಾಲದಲ್ಲಿ ಅವುಗಳ ಸುತ್ತಲೂ ಬದುಕುತ್ತಿದ್ದವರಲ್ಲಿ ಬಹುಪಾಲು ಜನರಿಗೆ ಅಕ್ಷರ ತಿಳಿದಿರಲಿಲ್ಲ. ಹಾಗಾದರೆ ದಾನ, ತೆರಿಗೆ, ಎಲ್ಲೆಕಟ್ಟುಗಳ ವಿವರವನ್ನು ಅವರು ತಿಳಿದುಕೊಂಡದ್ದು ಹೇಗೆ? ಕಿವಿಯ ಮೂಲಕ ಎಂಬುದೇ ಇದಕ್ಕೆ ಉತ್ತರ.

ಬರಹವನ್ನು ಕೇಳಿಸಬೇಕೆಂಬ ತಿಳಿವಳಿಕೆ ಕರ್ನಾಟಕದ ನೆಲದಲ್ಲಿ ದೊರೆಯುವ ಅತ್ಯಂತ ಹಳೆಯ ಶಾಸನಗಳಲ್ಲಿಯೇ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ದೇವಿಯ ವಿಗ್ರಹದ ಪೀಠವಾಗಿ ಮರುಬಳಕೆಯಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು 1980ರ ದಶಕದಲ್ಲಿ ಪತ್ತೆಯಾದವು. ಧೌಳಿ, ಜೌಗಡಗಳಲ್ಲಿ ಮೊದಲೇ ತಿಳಿದಿದ್ದ ಪ್ರತ್ಯೇಕ ಶಾಸನಗಳ ಪಾಠವೂ ಅದರಲ್ಲಿದೆ. ಈ ಬರಹವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಕೇಳಿಸಬೇಕೆಂಬುದು ಆ ಪ್ರತ್ಯೇಕ ಶಾಸನಗಳ ವಿಧಿ. ಅಶೋಕನ ನಾಲ್ಕನೆಯ ಬಂಡೆಶಾಸನವು ಭೇರಿಯ ಘೋಷವು ಧರ್ಮದ ಘೋಷವಾಯಿತೆಂದು ಹೇಳುತ್ತದೆ. ಕಲ್ಲಿನ ಬರಹಕ್ಕೆ ಬಾಯಿ ಬೇಕು, ಆ ಬಾಯಿಗೆ ಜನರನ್ನು ಕೂಡಿಸುವ ವಾದ್ಯ ಬೇಕು ಎಂಬುದು ಎರಡು ಸಾವಿರ ವರ್ಷಗಳಿಗೂ ಹಿಂದಿನ ಆಡಳಿತಕ್ಕೆ ತಿಳಿದಿತ್ತು.

ಕಲ್ಲಿನ ಮಾತು ಉಳಿಯುತ್ತದೆ. ಆದರೆ ಓದುವವರಿಲ್ಲದಿದ್ದರೆ ಅದು ಮೌನ. ಚರ್ಮವಾದ್ಯದ ಮಾತು ಆ ಗಳಿಗೆಯಲ್ಲಿ ಎಲ್ಲರಿಗೂ ತಲುಪುತ್ತದೆ; ಆದರೆ ದಾಖಲೆಯಾಗಿ ಉಳಿಯುವುದಿಲ್ಲ. ಇತಿಹಾಸಕಾರರು ಮೊದಲನೆಯದನ್ನು ಆಧಾರವೆಂದು ಸ್ವೀಕರಿಸಿದರು. ಎರಡನೆಯದರ ಸಾಕ್ಷ್ಯವನ್ನು ಪದಗಳಲ್ಲಿ, ಗಾದೆನುಡಿಗಳಲ್ಲಿ, ಕಥೆಗಳಲ್ಲಿ, ಹಬ್ಬದ ಆಚರಣೆಗಳಲ್ಲಿ ಹುಡುಕಬೇಕಾಗಿದೆ.

ಪದಮೂಲದ ವಿಚಾರ

ಸಾರ್ವಜನಿಕವಾಗಿ ಹೇಳು ಎಂಬರ್ಥದ ಅಚ್ಚ ದ್ರಾವಿಡ ಧಾತು ‘ಸಾಱು’. ತಮಿಳಿನಲ್ಲಿ ಇದರ ಜ್ಞಾತಿ ರೂಪ ‘ಚಾಟ್ರು’ ಎಂದು ಉಚ್ಚಾರವಾಗುತ್ತದೆ; ತೆಲುಗಿನಲ್ಲಿ ‘ಚಾಟು’ ಎಂದಿದೆ. ತೆಲುಗಿನ ಹಳ್ಳಿಗಳಲ್ಲಿ ಡಂಗುರಕ್ಕೆ ‘ಚಾಟಿಂಪು’ ಎನ್ನುತ್ತಾರೆ. ಹಳಗನ್ನಡದಲ್ಲಿ ಸಮೀಪಿಸು ಎಂಬರ್ಥದ ‘ಸಾರ್’ ಮತ್ತು ಘೋಷಿಸು ಎಂಬರ್ಥದ ‘ಸಾಱು’ ಬೇರೆ ಬೇರೆ ಧಾತುಗಳು. ಶಕಟರೇಫವು ಬಳಕೆಯಿಂದ ಜಾರಿದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು.

ವಾದ್ಯವನ್ನು ಸೂಚಿಸುವ ಹಳೆಯ ಪದ ‘ಪಱೆ’. ಇದು ನಡುಗನ್ನಡದಲ್ಲಿ ‘ಹಱೆ’ಯಾಗಿ, ದಕ್ಷಿಣ ಕರ್ನಾಟಕದ ಆಡುಮಾತಿನಲ್ಲಿ ‘ಅರೆ’ ಎಂದು ಉಳಿದುಕೊಂಡಿದೆ. ತಮಿಳಿನ ‘ಪಱೈ’ ಎಂಬುದಕ್ಕೆ ವಾದ್ಯವೆಂಬ ಅರ್ಥವೂ ಉಂಟು, ಹೇಳು ಎಂಬ ಅರ್ಥವೂ ಉಂಟು. ಮಲಯಾಳದಲ್ಲಿ ‘ಪಱಯುಕ’ ಎಂದರೆ ಇಂದಿಗೂ ಹೇಳುವುದು. ನೆರೆಯ ಭಾಷೆಗಳಲ್ಲಿ ಬಡಿಯುವುದೂ ನುಡಿಯುವುದೂ ಒಂದೇ ಪದದಲ್ಲಿ ಕೂಡಿಕೊಂಡಿದ್ದರೆ, ಕನ್ನಡವು ‘ಪಱೆ’ಯನ್ನು ವಾದ್ಯಕ್ಕೂ ‘ಸಾಱು’ವನ್ನು ನುಡಿಗೂ ಮೀಸಲಾಗಿಸಿತು. ಪಱೈ ಬಡಿಯುವ ಸಮುದಾಯಕ್ಕೆ ಆ ವಾದ್ಯದಿಂದಲೇ ಹೆಸರು ಬಂದುದು, ಆ ಹೆಸರು ಯುರೋಪಿನ ಭಾಷೆಗಳಿಗೆ ಹೋಗಿ ಬಹಿಷ್ಕೃತನೆಂಬ ಅರ್ಥವನ್ನು ಪಡೆದು ‘ಪರಯಾ’ ಎಂದು ಲೋಕದ ತುಂಬ ಹರಡಿದುದು ಎಲ್ಲರಿಗೂ ತಿಳಿದ ಸಂಗತಿ. ಎಲ್ಲರಿಗೂ ಸುದ್ದಿ ಮುಟ್ಟಿಸುತ್ತಿದ್ದವನ ಹೆಸರೇ ಎಲ್ಲರಿಂದ ದೂರ ಇಡಲಾದವನ ಹೆಸರಾಯಿತು.

ಇನ್ನು ‘ಡಂಗುರ’. ದ್ರಾವಿಡ ಭಾಷೆಗಳ ದೇಶ್ಯಪದಗಳು ಸಾಮಾನ್ಯವಾಗಿ ಟವರ್ಗದ ಅಕ್ಷರಗಳಿಂದ ಆರಂಭವಾಗುವುದಿಲ್ಲ. ಹಾಗೆ ಆರಂಭವಾಗುವ ಪದಗಳಲ್ಲಿ ಬಹುಪಾಲು ಅನುಕರಣ ಶಬ್ದಗಳು ಅಥವಾ ಎರವಲು ಪದಗಳು. ಡಕ್ಕೆ, ಡಮರು, ಡಿಂಡಿಮ, ಡೊಳ್ಳು ಎಂಬ ವಾದ್ಯನಾಮಗಳ ಸಾಲಿನಲ್ಲಿಯೇ ಡಂಗುರವನ್ನೂ ಇರಿಸಬೇಕು. ತಮಿಳಿನ ‘ತಂಡೋರಾ’, ತೆಲುಗಿನ ‘ದಂಡೋರಾ’, ಹಿಂದಿಯ ‘ಢಿಂಢೋರಾ’, ಮರಾಠಿಯ ‘ದವಂಡಿ’ ಎಂಬ ರೂಪಗಳೆಲ್ಲವೂ ಇದೇ ಕಾರ್ಯವನ್ನು ಸೂಚಿಸುತ್ತವೆ. ಇವೆಲ್ಲವುಗಳ ಹಿಂದೆ ಚರ್ಮದ ಮೇಲೆ ಕೋಲು ಬಿದ್ದಾಗ ಹೊಮ್ಮುವ ನಾದವಿದೆ. ವಸಾಹತುಕಾಲದ ಕಚೇರಿಗಳಿಂದ ಕನ್ನಡಕ್ಕೆ ಬಂದ ‘ಟಾಂ ಟಾಂ’ ಕೂಡ ಅದೇ ಬಗೆಯದು. ಹೀಗೆ ‘ಸಾರು’ ಎಂಬುದು ನಾಲಗೆಯ ಪದ. ‘ಡಂಗುರ’ ಎಂಬುದು ಕೈಯ ಪದ. ‘ಡಂಗುರ ಸಾರು’ ಎಂಬ ನುಡಿಗಟ್ಟಿನಲ್ಲಿ ಕೈಯೂ ನಾಲಗೆಯೂ ಸೇರಿ ಒಬ್ಬ ಪೂರ್ಣ ಮನುಷ್ಯನು ರೂಪುಗೊಳ್ಳುತ್ತಾನೆ.

ಅರಮನೆಯ ತಮ್ಮಟ, ಕೇರಿಯ ತಮಟೆ

ನಾದವು ಅಧಿಕಾರದ ಲಾಂಛನವಾಗಿತ್ತೆಂಬುದಕ್ಕೆ ಶಾಸನಗಳಲ್ಲಿ ಸ್ಪಷ್ಟ ಆಧಾರವಿದೆ. ಸಾಮಂತರನ್ನೂ ಮಾಂಡಲಿಕರನ್ನೂ ‘ಸಮಧಿಗತ ಪಂಚಮಹಾಶಬ್ದ’ ಎಂದು ಬಣ್ಣಿಸುವುದು ಕರ್ನಾಟಕದ ಶಾಸನಗಳ ರೂಢಿ. ಐದು ಮಹಾವಾದ್ಯಗಳನ್ನು ನುಡಿಸಿಕೊಳ್ಳುವ ಹಕ್ಕು ಪಡೆದವನು ಎಂಬುದು ಇದರ ತಾತ್ಪರ್ಯ. ಆ ಹಕ್ಕನ್ನು ಮೇಲಿನ ಅರಸನು ಅನುಗ್ರಹಿಸಬೇಕಾಗಿತ್ತು. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದನ್ನು ಪಂಚಮಹಾಶಬ್ದಗಳೆಂದು ಎಣಿಸುತ್ತದೆ. ಈ ಪಟ್ಟಿಯಲ್ಲಿರುವ ‘ತಮ್ಮಟ’ವು ಹಳ್ಳಿಯ ‘ತಮಟೆ’ಯೇ.

ಒಂದೇ ವಾದ್ಯಕ್ಕೆ ಎರಡು ಬಗೆಯ ಸ್ಥಾನವಿದ್ದುದು ಇಲ್ಲಿ ಕಂಡುಬರುತ್ತದೆ. ಅರಸನ ಮುಂದೆ ಮೊಳಗಿದಾಗ ಅದು ಮಹಾಶಬ್ದ. ಕೇರಿಯಿಂದ ಬಂದಾಗ ಮುಟ್ಟಬಾರದ ಚರ್ಮ. ಮಾಂಡಲಿಕನಿಗೆ ಅದು ಬಿರುದು. ಬಡಿಯುವವನಿಗೆ ಬಿಟ್ಟಿ ಚಾಕರಿ. ವಾದ್ಯದ ಗೌರವವು ನುಡಿಸಿಕೊಳ್ಳುವವನಿಗೆ ಸಂದಿತು, ಅದರ ಮೈಲಿಗೆಯು ನುಡಿಸುವವನಿಗೆ ಅಂಟಿತು. ಡಂಗುರದ ಸಾಮಾಜಿಕ ಚರಿತ್ರೆಯ ಮೂಲಸಮಸ್ಯೆ ಇದೇ ಆಗಿದೆ.

ತಮಟೆಯ ರಚನೆ ಸರಳವಾದುದು. ಮರದ ಅಥವಾ ಕಬ್ಬಿಣದ ಬಳೆಗೆ ಹದಮಾಡಿದ ಚರ್ಮವನ್ನು ಬಿಗಿಯುತ್ತಾರೆ. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಮತ್ತೊಂದು ಕೈಯಲ್ಲಿ ತೆಳುವಾದ ಉದ್ದ ಕಡ್ಡಿ ಹಿಡಿದು ಬಾರಿಸುತ್ತಾರೆ. ಚರ್ಮ ಸಡಿಲವಾದಾಗ ಬೆಂಕಿಗೆ ಕಾಯಿಸಿ ನಾದವನ್ನು ತಂದುಕೊಳ್ಳುತ್ತಾರೆ. ಹಬ್ಬಕ್ಕೆ, ಮದುವೆಗೆ, ಸಾವಿಗೆ ಬೇರೆ ಬೇರೆ ಗತ್ತುಗಳಿರುವುದರಿಂದ, ಮಾತು ಕಿವಿಗೆ ಬೀಳುವ ಮೊದಲೇ ಸಂದರ್ಭವೇನೆಂಬುದು ಜನರಿಗೆ ತಿಳಿಯುತ್ತದೆ.

ಊರಿನ ವ್ಯವಸ್ಥೆಯಲ್ಲಿ ಸಾರುವವನು

ಹಳೆಯ ಮೈಸೂರು ಸೀಮೆಯ ಗ್ರಾಮಾಡಳಿತವು ಹನ್ನೆರಡು ಮಂದಿ ಆಯಗಾರರ ಮೇಲೆ ನಿಂತಿತ್ತು. ವಿಲ್ಕ್ಸ್ ತನ್ನ 1810ರ ಗ್ರಂಥದಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಮೊದಲಾದವರನ್ನು ಈ ಪಟ್ಟಿಯಲ್ಲಿ ಹೆಸರಿಸಿದ್ದಾನೆ. 1800ರಲ್ಲಿ ಮಾಗಡಿ ಸೀಮೆಯಲ್ಲಿಯೂ ಸಂಚರಿಸಿದ ಬುಕನನ್, ಕಣದಲ್ಲಿ ರಾಶಿಯನ್ನು ಹಂಚುವಾಗ ಯಾರು ಯಾರಿಗೆ ಎಷ್ಟು ಪಾಲು ಹೋಗುತ್ತಿತ್ತೆಂಬುದನ್ನು ವಿವರವಾಗಿ ದಾಖಲಿಸಿದ್ದಾನೆ. ಸಾರುವ ಕೆಲಸವು ಈ ಆಯಗಾರರಲ್ಲಿ ತೋಟಿ, ತಳವಾರರ ಪಾಲಿಗೆ ಬರುತ್ತಿತ್ತು. ತೋಟಿಯು ಸಾಮಾನ್ಯವಾಗಿ ಊರಾಚೆ ಇರಿಸಲಾದ ಸಮುದಾಯದವನಾಗಿದ್ದನು. ಅವನಿಗೆ ಕಣದಲ್ಲಿ ಪಾಲು, ಕೆಲವೆಡೆ ತೋಟಿ ಇನಾಮಿನ ಜಮೀನು ದೊರೆಯುತ್ತಿತ್ತು.

ಈ ಸಮುದಾಯದ ಅರಿವಿಗೆ ಊರಿನಲ್ಲಿ ಒಂದು ಬಗೆಯ ಪ್ರಾಮಾಣ್ಯವಿತ್ತೆಂಬುದನ್ನೂ ಗಮನಿಸಬೇಕು. ಜೆ.ಎಸ್.ಎಫ್. ಮೆಕೆಂಜಿ 1873ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದ ಲೇಖನವು, ಎಲ್ಲೆಯ ವಿವಾದ ಬಂದಾಗ ಹೊಲೆಯರ ಕುಳವಾಡಿಯ ಮಾತೇ ನಿರ್ಣಾಯಕವಾಗುತ್ತಿದ್ದುದನ್ನು ತಿಳಿಸುತ್ತದೆ. ಊರಿನ ಗಡಿ ಯಾವುದೆಂದು ಹೇಳಬಲ್ಲವನು ಊರಿನ ಒಳಗೆ ವಾಸಿಸುವಂತಿರಲಿಲ್ಲ. ಡಂಗುರದ ವಿಷಯದಲ್ಲಿಯೂ ಇದೇ ವೈಪರೀತ್ಯವಿದೆ. ಯಾವ ಬೀದಿಗಳಲ್ಲಿ ಅವನು ಬೇರೆ ದಿನಗಳಲ್ಲಿ ಹಿಂಜರಿದು ನಡೆಯಬೇಕಾಗಿತ್ತೋ ಅದೇ ಬೀದಿಗಳಲ್ಲಿ ಡಂಗುರದ ದಿನ ಗಟ್ಟಿಯಾಗಿ ಕೂಗಬೇಕಾಗಿತ್ತು. ಎಲ್ಲರೂ ಅವನ ಮಾತನ್ನು ಕೇಳಲೇಬೇಕಾಗಿತ್ತು. ಆದರೆ ಅವನು ತನ್ನದೇ ಆದ ಒಂದು ಮಾತನ್ನೂ ಅದರಲ್ಲಿ ಸೇರಿಸುವಂತಿರಲಿಲ್ಲ.

ಡಂಗುರದ ವಿಷಯಗಳು ಹಲವಾಗಿದ್ದವು. ಕಂದಾಯದ ಗಡುವು, ಅಮಲ್ದಾರರ ಜಮಾಬಂದಿ, ಹರಾಜು, ಕೆರೆಯ ತೂಬು ಎತ್ತುವ ದಿನ, ದೇವಿ ಹಾಕುವವರ ಬರವು, ಕಳೆದುಹೋದ ದನ, ಜಾತ್ರೆ ಇವೆಲ್ಲವೂ ಅದರ ವ್ಯಾಪ್ತಿಗೆ ಬರುತ್ತಿದ್ದವು. ‘ಕೇಳ್ರಪ್ಪೋ ಕೇಳಿ’ ಎಂಬ ಕರೆಯಿಂದ ಆರಂಭಿಸಿ, ಯಾರ ಅಪ್ಪಣೆ, ಏನು ವಿಷಯ, ಎಂದು, ಎಲ್ಲಿ ಎಂಬುದನ್ನು ಅವನು ನಾಲ್ಕಾರು ಕಡೆ ನಿಂತು ಹೇಳುತ್ತಿದ್ದನು. ಕೂಗುವ ಜಾಗಗಳು ನಿಶ್ಚಿತವಾಗಿರುತ್ತಿದ್ದವು. ನನಗೆ ಕೇಳಿಸಲಿಲ್ಲ ಎಂಬ ನೆಪ ಹೇಳಲು ಯಾರಿಗೂ ಅವಕಾಶವಿರಲಿಲ್ಲ.

ಇದೇ ಸೀಮೆಯ ಆಡುಮಾತಿನಲ್ಲಿ ಹಬ್ಬದ ಘೋಷಣೆಗೆ ‘ಸಾರು ಹಾಕುವುದು’ ಎನ್ನುತ್ತಾರೆ. ಗ್ರಾಮದೇವತೆಯ ಹಬ್ಬಕ್ಕೆ ಸಾರು ಹಾಕಿದ ಮೇಲೆ ಊರವರು ಹೊರಗೆ ಹೋಗಿ ರಾತ್ರಿ ತಂಗಬಾರದೆಂಬ ಕಟ್ಟುಪಾಡು ಹಲವು ಊರುಗಳಲ್ಲಿದೆ. ಇಲ್ಲಿ ಸಾರುವುದು ಸುದ್ದಿಯನ್ನು ತಿಳಿಸುವುದಷ್ಟೇ ಅಲ್ಲ. ಸಾರು ಹಾಕಿದ ಆ ಗಳಿಗೆಯಿಂದಲೇ ಊರು ಹಬ್ಬದ ಕಟ್ಟಿಗೆ ಒಳಪಡುತ್ತದೆ. ಮಾತೇ ಇಲ್ಲಿ ಕ್ರಿಯೆಯಾಗಿದೆ. ಸರ್ಕಾರಿ ಡಂಗುರಕ್ಕೂ ಈ ಗುಣವುಂಟು. ಕಂದಾಯದ ಗಡುವು ಸಾರಿದ ದಿನದಿಂದ ಎಣಿಕೆಗೆ ಬರುತ್ತದೆ, ದಫ್ತರದಲ್ಲಿ ಬರೆದ ದಿನದಿಂದಲ್ಲ ಎಂಬುದು ಜನಸಾಮಾನ್ಯರ ತಿಳಿವಳಿಕೆಯಾಗಿತ್ತು.

ಸಾರಿದನು, ಸಾರಿಸಿದನು, ಪ್ರಕಟಿಸಲಾಗಿದೆ

ಪದದ ಬಳಕೆಯನ್ನು ವಾಕ್ಯಗಳಲ್ಲಿಟ್ಟು ನೋಡಿದಾಗ ಮುಖ್ಯವಾದೊಂದು ವ್ಯತ್ಯಾಸ ಗೋಚರವಾಗುತ್ತದೆ. ಜನಪದ ಕಥೆಗಳಲ್ಲಿ ಡಂಗುರವು ಕಥನದ ಒಂದು ಸಿದ್ಧ ಆಶಯ. ಮಗಳ ಕಾಯಿಲೆಯನ್ನು ವಾಸಿಮಾಡಿದವರಿಗೆ ಅರ್ಧರಾಜ್ಯ ಕೊಡುವುದಾಗಿ ರಾಜನು ಡಂಗುರ ‘ಹೊಡೆಸುತ್ತಾನೆ’, ‘ಸಾರಿಸುತ್ತಾನೆ’. ಬಡವನೋ ಪರದೇಶಿಯೋ ಅದನ್ನು ಕೇಳಿಸಿಕೊಂಡು ಅರಮನೆಗೆ ಹೋಗುತ್ತಾನೆ, ಕಥೆ ಮುಂದುವರಿಯುತ್ತದೆ. ಅರಮನೆಯ ಬಾಗಿಲನ್ನು ಬಡವನಿಗೆ ತೆರೆಯುವುದು ಡಂಗುರವೇ. ಆದರೆ ಈ ಕ್ರಿಯಾಪದಗಳೆಲ್ಲವೂ ಪ್ರೇರಣಾರ್ಥಕಗಳು. ವಾಕ್ಯದ ಕರ್ತೃ ರಾಜ. ಬೀದಿ ಬೀದಿ ಸುತ್ತಿದವನಿಗೆ ಕಥೆಯಲ್ಲಿ ಹೆಸರಿಲ್ಲ, ವ್ಯಾಕರಣದಲ್ಲಿ ಸ್ಥಾನವಿಲ್ಲ. ‘ಸಾರಿದನು’ ಎಂಬುದು ‘ಸಾರಿಸಿದನು’ ಎಂದಾಗುವಲ್ಲಿ ಸಾರುವವನು ಮರೆಯಾಗುತ್ತಾನೆ.

ಇದಕ್ಕೆ ಪ್ರತಿಯಾದ ಬಳಕೆಯೊಂದು ಭಕ್ತಿಪರಂಪರೆಯಲ್ಲಿದೆ. ಹನ್ನೆರಡನೆಯ ಶತಮಾನದ ಶರಣ ಕೂಗಿನ ಮಾರಯ್ಯನಿಗೆ ಕೂಗುವುದೇ ಕಾಯಕ. ಕಲ್ಯಾಣದಿಂದ ಹೊರಟ ಶರಣರಿಗೆ ಶತ್ರುಗಳ ಬರವನ್ನು ಕೂಗಿ ತಿಳಿಸಿದನೆಂಬುದು ಪ್ರತೀತಿ. ಕೂಗುವವನು ಇಲ್ಲಿ ಯಾರ ಆಳೂ ಅಲ್ಲ; ಕೂಗು ಅವನ ಹೆಸರಿನ ಭಾಗವಾಗಿದೆ. ಪುರಂದರದಾಸರ ಹೆಸರಿನಲ್ಲಿರುವ ಕೀರ್ತನೆಯೊಂದು ಡಂಗುರ ಸಾರುವ ಕರೆಯಿಂದಲೇ ಆರಂಭವಾಗುತ್ತದೆ. ಅಲ್ಲಿ ಸಾರುವವರು ಹರಿಯ ಸೇವಕರು. ಆಜ್ಞೆ ಯಾವ ಅರಸನದೂ ಅಲ್ಲ. ರಾಜಾಜ್ಞೆಯ ಪದವನ್ನು ಭಕ್ತಿಯು ತನ್ನದಾಗಿಸಿಕೊಂಡು, ಸಾರುವವನನ್ನು ಮತ್ತೆ ಕರ್ತೃಸ್ಥಾನದಲ್ಲಿ ನಿಲ್ಲಿಸಿತು.

ಆಡಳಿತದ ಭಾಷೆ ಬೇರೆ ದಾರಿ ಹಿಡಿಯಿತು. ವಿಜಯನಗರ ಕಾಲದ ಶಾಸನಗಳಲ್ಲಿ ‘ನಿರೂಪ’ವೆಂಬುದು ರಾಜಾಜ್ಞೆಗೆ ಸಂದ ಪದ. ಪಾರಸಿ ಪ್ರಭಾವದ ಆಡಳಿತದಲ್ಲಿ ‘ಹುಕುಂ’, ‘ಜಾಹೀರು’ಗಳು ಸೇರಿದವು. ಆಧುನಿಕ ಕಾಲದಲ್ಲಿ ‘ಪ್ರಕಟಣೆ’, ‘ಸುತ್ತೋಲೆ’, ‘ಅಧಿಸೂಚನೆ’, ‘ರಾಜ್ಯಪತ್ರ’ಗಳು ನೆಲೆಗೊಂಡವು, 1963ರ ರಾಜ್ಯಭಾಷಾ ಅಧಿನಿಯಮದ ತರುವಾಯ ಈ ಕನ್ನಡ ಪದಾವಳಿ ಕಚೇರಿಗಳಲ್ಲಿ ವ್ಯಾಪಕವಾಯಿತು. ಈ ಪದಗಳ ಮೂಲಾರ್ಥವನ್ನು ಗಮನಿಸಬೇಕು. ಸಾರು, ಡಂಗುರ, ಘೋಷಣೆ ಇವು ಕಿವಿಗೆ ಸಂಬಂಧಿಸಿದವು. ಅರಬ್ಬಿ ಮೂಲದ ‘ಜಾಹೀರು’, ಸಂಸ್ಕೃತದ ‘ಪ್ರಕಟ’ ಎರಡೂ ಕಣ್ಣಿಗೆ ಕಾಣುವಂತಿರುವುದು ಎಂಬ ಅರ್ಥದವು. ಅಧಿಕಾರದ ಮಾತು ಕಿವಿಯಿಂದ ಕಣ್ಣಿಗೆ ಸಾಗಿದುದನ್ನು ಪದಗಳೇ ಹೇಳುತ್ತವೆ. ಕಣ್ಣಿಗೆ ಕಂಡುದನ್ನು ಓದಲು ಅಕ್ಷರ ಬೇಕು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ರಷ್ಟು, ಆಗಿನ ರಾಮನಗರ ಜಿಲ್ಲೆಯದು ಶೇ. 69ರಷ್ಟು. ಅಂದರೆ ಆ ವೇಳೆಗೂ ಪ್ರತಿ ಹತ್ತು ಮಂದಿಯಲ್ಲಿ ಮೂವರಿಗೆ ಸೂಚನಾಫಲಕದ ಕಾಗದವು ಕೆಂಪಾಪುರದ ಕಲ್ಲಿನಂತೆಯೇ ಮೌನವಾಗಿತ್ತು.

‘ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸಲಾಗಿದೆ’, ‘ಪ್ರಕಟಿಸಲಾಗಿದೆ’ ಎಂಬ ಕಚೇರಿ ವಾಕ್ಯಗಳಲ್ಲಿ ಸಾರುವವನಷ್ಟೇ ಅಲ್ಲ, ಸಾರಿಸುವವನೂ ಕಾಣುವುದಿಲ್ಲ. ‘ಸಾರಿಸಿದನು’ ಎಂಬಲ್ಲಿ ರಾಜನಾದರೂ ಉತ್ತರದಾಯಿಯಾಗಿದ್ದನು. ಕರ್ಮಣಿ ಪ್ರಯೋಗದಲ್ಲಿ ಕರ್ತೃವೇ ಇಲ್ಲ. ಜನರಿಗೆ ತಿಳಿಯಿತೇ ಎಂಬ ಪ್ರಶ್ನೆ ಹಿಂದೆ ಸರಿದು, ಪ್ರಕಟವಾಯಿತೇ ಎಂಬ ಪ್ರಶ್ನೆ ಮುಂದೆ ಬಂದಿತು.

ಕಾನೂನಿನಲ್ಲಿ ಡಂಗುರ

ಬರಹದ ಆಡಳಿತವು ಡಂಗುರವನ್ನು ಸಂಪೂರ್ಣವಾಗಿ ಕೈಬಿಡಲಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 54ನೆಯ ನಿಯಮವು ಸ್ಥಿರಾಸ್ತಿಯ ಜಪ್ತಿಯ ಆಜ್ಞೆಯನ್ನು ಆ ಆಸ್ತಿಯ ಮೇಲೆ ಅಥವಾ ಅದರ ಪಕ್ಕದಲ್ಲಿ ಡಂಗುರ ಬಡಿಸಿಯೋ ರೂಢಿಯ ಬೇರೆ ವಿಧಾನದಿಂದಲೋ ಸಾರಬೇಕೆಂದು ವಿಧಿಸುತ್ತದೆ. ಕಾಗದದ ಪ್ರತಿಯನ್ನು ಆಸ್ತಿಯ ಮೇಲೆ ಮತ್ತು ನ್ಯಾಯಾಲಯದಲ್ಲಿ ಅಂಟಿಸುವುದು ಇದಕ್ಕೆ ಹೆಚ್ಚುವರಿಯಾದ ಕ್ರಮ. ಹರಾಜಿನ ಘೋಷಣೆಗೂ 67ನೆಯ ನಿಯಮವು ಇದೇ ರೀತಿಯನ್ನು ಅನ್ವಯಿಸುತ್ತದೆ. ಹರಾಜನ್ನು ಸಾರುವಲ್ಲಿ ಅಥವಾ ನಡೆಸುವಲ್ಲಿ ಗಣನೀಯವಾದ ಲೋಪವೋ ಮೋಸವೋ ನಡೆದು, ಅದರಿಂದ ಕಕ್ಷಿದಾರನಿಗೆ ಗಣನೀಯ ನಷ್ಟವಾಗಿದ್ದರೆ, 90ನೆಯ ನಿಯಮದನ್ವಯ ಹರಾಜನ್ನು ರದ್ದುಪಡಿಸಲು ಕೋರಬಹುದು.

ಸಾಲಕ್ಕೆ ಸಿಕ್ಕಿದ ರೈತನ ಹೊಲವು ಹರಾಜಿಗೆ ಬಂದಾಗ ಆ ಹೊಲದ ಬಳಿ ತಮಟೆ ನಿಜವಾಗಿ ಬಾರಿಸಲ್ಪಟ್ಟಿತೇ ಎಂಬುದು ಹೀಗೆ ಜಮೀನಿನ ಪ್ರಶ್ನೆಯಾಗುತ್ತಿತ್ತು. ಡಂಗುರವಾಗದಿದ್ದರೆ ಸುತ್ತಲಿನವರಿಗೆ ಹರಾಜಿನ ಸುದ್ದಿ ತಿಳಿಯುವುದಿಲ್ಲ, ಕೂಗುವವರು ಕಡಿಮೆಯಾಗುತ್ತಾರೆ, ಹೊಲವು ಅಗ್ಗಕ್ಕೆ ಹೋಗುತ್ತದೆ. ಅದಕ್ಕಾಗಿಯೇ ಅಮೀನನು ನ್ಯಾಯಾಲಯಕ್ಕೆ ಒಪ್ಪಿಸುವ ವರದಿಯ ಮೇಲೆ ಡಂಗುರ ಹೊಡೆದವನ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆಯುವ ರೂಢಿ ಬೆಳೆಯಿತು. ಅರಮನೆಯ ದಾಖಲೆಯಲ್ಲಿ ಹೆಸರಿಲ್ಲದವನು, ಕಥೆಯಲ್ಲಿ ಸ್ಥಾನವಿಲ್ಲದವನು, ನ್ಯಾಯಾಲಯದ ಕಡತದಲ್ಲಿ ಒಂದು ಹೆಬ್ಬೆರಳಿನ ಮಸಿಗುರುತಾಗಿ ಚರಿತ್ರೆಗೆ ಪ್ರವೇಶಿಸಿದನು. ಜಿಲ್ಲಾ ನ್ಯಾಯಾಲಯಗಳ ಹಳೆಯ ಕಡತಗಳನ್ನು ಜಾನಪದ ಸಂಶೋಧಕರು ಈ ದೃಷ್ಟಿಯಿಂದ ನೋಡಬೇಕಾದ ಅಗತ್ಯವಿದೆ.

ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಅಧಿನಿಯಮವು ಕೊನೆಗಾಣಿಸಿತು. ಅದು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಸೇವೆಗಾಗಿ ಅನುಭವಿಸುತ್ತಿದ್ದ ಇನಾಮು ಜಮೀನುಗಳನ್ನು ಹಿಂದಿನ ಹಿಡುವಳಿದಾರರಿಗೆ ಮರುಮಂಜೂರು ಮಾಡಲು ಅದರಲ್ಲಿ ಅವಕಾಶವಿತ್ತು. ತೋಟಿಗಳು ಹೋಗಿ ಗ್ರಾಮ ಸಹಾಯಕರು ಬಂದರು. ಕಾನೂನಿನ ಪ್ರಕಾರ ಡಂಗುರವು ಯಾವ ಜಾತಿಯ ಹೊಣೆಯೂ ಅಲ್ಲವೆಂದಾಯಿತು. ಆದರೆ ಅನೇಕ ಊರುಗಳಲ್ಲಿ ತಮಟೆಯು ಹಳೆಯ ಕೈಯಲ್ಲಿಯೇ ಉಳಿಯಿತು.

ಡಂಗುರದ ನಿರಾಕರಣೆ ಮತ್ತು ಮರುಸ್ವೀಕಾರ

1970ರ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಚಳವಳಿ ಸಂಘಟಿತವಾದಾಗ, ಸತ್ತ ದನವನ್ನು ಹೊರುವುದು, ಬಿಟ್ಟಿಯಾಗಿ ತಮಟೆ ಬಡಿಯುವುದು ಇವುಗಳ ನಿರಾಕರಣೆ ಆತ್ಮಗೌರವದ ಪ್ರಶ್ನೆಯಾಯಿತು. ಸಾರುವುದಿಲ್ಲ ಎಂಬ ಮಾತೇ ಆ ಸಮುದಾಯದ ಮೊದಲ ಸ್ವಂತ ಸಾರಿಕೆ ಎನ್ನಬಹುದು. ಇದೇ ಚಳವಳಿಯ ಮೆರವಣಿಗೆಗಳಲ್ಲಿ ತಮಟೆಯು ಪ್ರತಿಭಟನೆಯ ವಾದ್ಯವಾಗಿ ಮರಳಿ ಬಂದಿತು. ಬಿಟ್ಟಿ ಚಾಕರಿಯಲ್ಲಿ ನಿರಾಕರಿಸಿದ ವಾದ್ಯವನ್ನು ಸ್ವಂತ ಮಾತಿಗಾಗಿ ಎತ್ತಿಕೊಂಡುದರಲ್ಲಿ ವಿರೋಧಾಭಾಸವಿಲ್ಲ. ಪ್ರಶ್ನೆ ಇದ್ದುದು ವಾದ್ಯದ ಬಗ್ಗೆಯಲ್ಲ, ಅದು ಯಾರ ಮಾತನ್ನು ಸಾರಬೇಕೆಂಬುದರ ಬಗ್ಗೆ.

ನೆರೆಯ ಆಂಧ್ರದಲ್ಲಿ ಈ ಸ್ಥಿತ್ಯಂತರವು ಪದದ ಮಟ್ಟದಲ್ಲಿಯೇ ನಡೆಯಿತು. 1994ರ ಜುಲೈ 7ರಂದು ಪ್ರಕಾಶಂ ಜಿಲ್ಲೆಯ ಈದುಮೂಡಿಯಲ್ಲಿ ಆರಂಭವಾದ ಮಾದಿಗ ಮೀಸಲಾತಿ ಹೋರಾಟವು ‘ದಂಡೋರ’ ಎಂಬ ಹೆಸರಿನಿಂದಲೇ ಪ್ರಸಿದ್ಧವಾಯಿತು. ಕರ್ನಾಟಕದಲ್ಲಿಯೂ ಆ ಹೆಸರು ಹರಡಿತು. ಯಾರದೋ ಆಜ್ಞೆಯನ್ನು ಸಾರಲು ಬಳಕೆಯಾಗುತ್ತಿದ್ದ ಪದವು, ಸಾರುತ್ತಿದ್ದವರ ಬೇಡಿಕೆಯ ಹೆಸರಾಯಿತು. ಪರಿಶಿಷ್ಟ ಜಾತಿಗಳ ಒಳವರ್ಗೀಕರಣಕ್ಕೆ ರಾಜ್ಯಗಳಿಗೆ ಅಧಿಕಾರವಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2024ರ ಆಗಸ್ಟ್ 1ರಂದು ತೀರ್ಪಿತ್ತಿತು. ತಮಿಳುನಾಡಿನಲ್ಲಿ 2022ರ ಆಗಸ್ಟ್‌ನಲ್ಲಿ ಮುಖ್ಯ ಕಾರ್ಯದರ್ಶಿಗಳು ತಂಡೋರಾ ಪದ್ಧತಿಯನ್ನು ನಿಲ್ಲಿಸಿ ಧ್ವನಿವರ್ಧಕಗಳನ್ನು ಬಳಸಬೇಕೆಂದು ಜಿಲ್ಲಾಧಿಕಾರಿಗಳಿಗೆ ತಿಳಿಸಿದರು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದರಾದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಒಂದು ರಾಜ್ಯವು ಡಂಗುರವನ್ನು ಅವಮಾನವೆಂದು ನಿಲ್ಲಿಸಿದ ಮರುವರ್ಷವೇ ದೇಶವು ತಮಟೆಯನ್ನು ಕಲೆಯೆಂದು ಗೌರವಿಸಿತು. ಎರಡೂ ಕ್ರಮಗಳು ಯುಕ್ತವಾದವೇ. ಜಾತಿಯ ಹೊಣೆಯಾಗಿ ಅದು ನಿಲ್ಲಬೇಕಾದುದು, ಕಲಿತು ಪಡೆದ ವಿದ್ಯೆಯಾಗಿ ಉಳಿಯಬೇಕಾದುದು.

ಡಂಗುರವು ಇನ್ನೂ ಸಂಪೂರ್ಣವಾಗಿ ಗತಕಾಲದ ವಸ್ತುವಾಗಿಲ್ಲ. 2020ರಲ್ಲಿ ಕೊರೋನಾ ಸಾಂಕ್ರಾಮಿಕ ಹರಡಿದಾಗ, ಮನೆಯಿಂದ ಹೊರಬರಬಾರದೆಂಬ ಸೂಚನೆಯನ್ನು ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಡಂಗುರದ ಮೂಲಕವೇ ತಿಳಿಸಲಾಯಿತು. ಇನ್ನೊಂದು ಕಡೆ, ದಲಿತ ಕುಟುಂಬಗಳಿಗೆ ಅಂಗಡಿಯಲ್ಲಿ ಸಾಮಾನು ಕೊಡಬಾರದು, ಕೆಲಸಕ್ಕೆ ಕರೆಯಬಾರದು ಎಂದು ಡಂಗುರ ಹೊಡೆಸಿದ ಪ್ರಕರಣಗಳೂ ಪತ್ರಿಕೆಗಳಲ್ಲಿ ವರದಿಯಾಗಿವೆ. 2016ರ ಜನವರಿ 26ರಿಂದ ಜಾರಿಗೆ ಬಂದ ದೌರ್ಜನ್ಯ ತಡೆ ತಿದ್ದುಪಡಿ ಅಧಿನಿಯಮವು ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರವನ್ನು ಶಿಕ್ಷಾರ್ಹ ಅಪರಾಧವೆಂದು ಸ್ಪಷ್ಟವಾಗಿ ಸೇರಿಸಿತು. ಒಂದೇ ನಾದವು ಊರನ್ನು ಕಾಪಾಡಲೂ ಬಲ್ಲದು, ಊರಿನಿಂದ ಹೊರಗಿಡಲೂ ಬಲ್ಲದು. ಅದರ ಗುಣವನ್ನು ನಿರ್ಣಯಿಸುವುದು ಅದರ ಹಿಂದಿರುವ ಅಧಿಕಾರವೇ.

ಸಾಮಾನ್ಯ ಮಾತಿನಲ್ಲಿ ಪದದ ಅರ್ಥವು ಕೆಳಗಿಳಿದಿರುವುದನ್ನೂ ಇಲ್ಲಿ ಹೇಳಬೇಕು. ‘ಊರಿಗೆಲ್ಲ ಡಂಗುರ ಹೊಡೆದ’ ಎಂದರೆ ಮನೆಯ ಗುಟ್ಟನ್ನು ಬೀದಿಗೆ ತಂದ ಎಂದರ್ಥ. ‘ತನ್ನ ಡಂಗುರ ತಾನೇ ಹೊಡೆದುಕೊಂಡ’ ಎಂದರೆ ಆತ್ಮಸ್ತುತಿ. ಹೇಳಿಸಿದುದನ್ನೇ ಹೇಳಬೇಕಾಗಿದ್ದವನ ಕೆಲಸದ ಹೆಸರು, ಹೇಳಬಾರದುದನ್ನು ಹೇಳುವವನ ನಿಂದೆಯಾಗಿ ಮಾರ್ಪಟ್ಟಿದೆ. ಕೆಲಸ ಮಾಡಿದವನ ಸಾಮಾಜಿಕ ಸ್ಥಾನವು ಪದದ ಅರ್ಥವನ್ನು ಹೇಗೆ ಬಗ್ಗಿಸಬಲ್ಲದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಡಂಗುರವು ನಾದಮೂಲದ ಪದವಾಗಿದ್ದು, ನುಡಿಮೂಲದ ‘ಸಾರು’ ಧಾತುವಿನೊಡನೆ ಸೇರಿ ಕನ್ನಡದ ಸಾರ್ವಜನಿಕ ಘೋಷಣೆಯ ನುಡಿಗಟ್ಟನ್ನು ರೂಪಿಸಿತು. ಅರಮನೆಯಲ್ಲಿ ಮಹಾಶಬ್ದವೆನಿಸಿದ ವಾದ್ಯವೇ ಊರಿನಲ್ಲಿ ಕೀಳೆನಿಸಿತು. ಸಾರಿದನು, ಸಾರಿಸಿದನು, ಪ್ರಕಟಿಸಲಾಗಿದೆ ಎಂಬ ಮೂರು ಕ್ರಿಯಾರೂಪಗಳಲ್ಲಿ ಸಾರುವವನು ಮೊದಲು ಕರ್ತೃವಾಗಿ ನಿಂತು, ಬಳಿಕ ಮರೆಯಾಗಿ, ಕೊನೆಗೆ ಆಜ್ಞಾಪಿಸಿದವನೂ ಮರೆಯಾಗುವ ಕ್ರಮವನ್ನು ಕಾಣಬಹುದು. ಡಂಗುರದ ಜಾತಿಸಂಬಂಧ ಅಳಿಯಬೇಕಾದುದೇ. ಆದರೆ ಆಳುವವರ ಮಾತು ಅಕ್ಷರವಿಲ್ಲದವನ ಮನೆಬಾಗಿಲಿಗೂ ಹೋಗಿ ಕೇಳಿಸಬೇಕೆಂಬ ತತ್ತ್ವವು ಅದರೊಂದಿಗೆ ಅಳಿಯಬಾರದು. ಜಾಲತಾಣದ ಸೂಚನೆ, ಮೊಬೈಲ್ ಸಂದೇಶ, ಕಸದ ವಾಹನದ ಧ್ವನಿವರ್ಧಕ ಯಾವುದೇ ಆಗಲಿ, ಎಲ್ಲರಿಗೂ ಕೇಳಿಸಿತೇ ಎಂಬುದೇ ಅದರ ಪರೀಕ್ಷೆಯಾಗಬೇಕು.

ಹೆಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಸ್ಥಾಪಿಸಿದ ಜಾನಪದ ಲೋಕದಂತಹ ಸಂಗ್ರಹಾಲಯಗಳಲ್ಲಿ ವಾದ್ಯಗಳನ್ನು ರಕ್ಷಿಸುವ ಕಾರ್ಯ ನಡೆದಿದೆ. ವಾದ್ಯದ ಜೊತೆಗೆ ಸಾರುವವರ ಕರೆಯ ಮಾತುಗಳು, ನಿಲ್ಲುತ್ತಿದ್ದ ಸ್ಥಳಗಳು, ಪಡೆಯುತ್ತಿದ್ದ ಆಯ, ಬಾರಿಸುತ್ತಿದ್ದ ಗತ್ತುಗಳು ಇವುಗಳ ದಾಖಲಾತಿ ಮಾಗಡಿ, ಕನಕಪುರ, ಚನ್ನಪಟ್ಟಣ ಸೀಮೆಗಳಲ್ಲಿ ಊರೂರಿಗೆ ನಡೆಯಬೇಕಾಗಿದೆ. ತೋಟಿಕೆಯನ್ನು ಕಣ್ಣಾರೆ ಕಂಡ, ಸ್ವತಃ ಮಾಡಿದ ತಲೆಮಾರಿನವರು ಈಗ ಎಂಬತ್ತರ ಅಂಚಿನಲ್ಲಿದ್ದಾರೆ. ಹೀಗೆ ದೊರೆಯುವ ಸಾಮಗ್ರಿಯು ನಮ್ಮ ಕೋಶಗಳಲ್ಲಿ ಡಂಗುರ ಎಂಬ ಉಲ್ಲೇಖದ ಮುಂದೆ ವಾದ್ಯ ಮತ್ತು ಸುದ್ದಿಗಳ ಜೊತೆಗೆ ಅದನ್ನು ಸಾರಿದ ಮನುಷ್ಯನನ್ನೂ ಸೇರಿಸಲು ನೆರವಾಗುತ್ತದೆ.